ದೊಡ್ಡಮ್ಮನ ಹಳೇ ಆರ್ಗನ್: ಒಳಗಿನದ್ದೆಲ್ಲ ಕಿತ್ತು ಡಿಜಿಟಲ್ ಮಾಡಲೇ, ರಿಪೇರಿ ಮಾಡಲೇ?

ಬೇವಿನಮರ · ಭಾನುವಾರ ಬೆಳಗ್ಗೆ 10:20

ಎಲ್ಲರಿಗೂ ನಮಸ್ಕಾರ. ಫ್ರೇಜರ್ ಟೌನ್‌ನಲ್ಲಿರೋ ನಮ್ಮ ದೊಡ್ಡಮ್ಮನ ಮನೆಯನ್ನ ಕೆಡವಿ ಅಪಾರ್ಟ್‌ಮೆಂಟ್ ಕಟ್ಟೋಕೆ ಕೊಟ್ಟಾಗಿದೆ. ಮುಂದಿನ ತಿಂಗಳ ಕೊನೆಗೆ ಖಾಲಿ ಮಾಡಬೇಕು. ಹಾಲ್‌ನಲ್ಲಿ ಒಂದು ಎಲೆಕ್ಟ್ರಾನಿಕ್ ಆರ್ಗನ್ ಇದೆ. ಅಮೆರಿಕದಿಂದ ಬಂದಿದ್ದು, ಟ್ರಾನ್ಸಿಸ್ಟರ್ ಕಾಲದ್ದು. ಮೇಲೊಂದು ಕೆಳಗೊಂದು ಕೀಬೋರ್ಡ್, ತಲಾ 44 ಕೀ. ಕಾಲಿಗೆ 13 ಪೆಡಲ್. ಮೂವತ್ತು ವರ್ಷ ದೊಡ್ಡಮ್ಮ ಇದರ ಮೇಲೇ ಮಕ್ಕಳಿಗೆ ಪಾಠ ಹೇಳಿಕೊಟ್ಟಿದ್ದಾರೆ. ನಾನೂ ಕಲಿತದ್ದು ಇದರಲ್ಲೇ.

ಈಗಿನ ಸ್ಥಿತಿ ಹೀಗಿದೆ. ಆನ್ ಮಾಡಿದ ಕೂಡಲೇ "ಹುಂ" ಅಂತ ಜೋರು ಸದ್ದು. ಎಫ್ ಶಾರ್ಪ್ ಸ್ವರ ಯಾವ ಆಕ್ಟೇವ್‌ನಲ್ಲೂ (ಸ್ಥಾಯಿಯಲ್ಲೂ) ಬರಲ್ಲ. ಎ ಮೇಲುಗಡೆ ಬರುತ್ತೆ, ಕೆಳಗಿನ ಎರಡು ಆಕ್ಟೇವ್‌ನಲ್ಲಿ ಇಲ್ಲ. ಕೆಲವು ಕೀ ಎರಡು ಮೂರು ಸಲ ಒತ್ತಿದರೆ ಮಾತ್ರ ಮಾತಾಡ್ತವೆ. ಒಳಗೆ ತಿರುಗೋ ಸ್ಪೀಕರ್ ಇತ್ತಂತೆ, ಅದರ ಬೆಲ್ಟ್ ಅಂಟಂಟಾಗಿ ಕರಗಿ ಹೋಗಿದೆ.

ಒಬ್ಬ ರಿಪೇರಿಯವರು ಬಂದು ನೋಡಿ, "ಮೇಡಂ, ಇದನ್ನ ಗುಜರಿಗೆ ಹಾಕಿ, ಒಳ್ಳೆ ಕೀಬೋರ್ಡ್ ತಗೊಳಿ" ಅಂದುಬಿಟ್ಟರು. ನನ್ನ ತಮ್ಮ ಹೇಳೋದು ಬೇರೆ: ಒಳಗಿನ ಸರ್ಕ್ಯೂಟ್ ಎಲ್ಲ ತೆಗೆದುಹಾಕಿ, ಕೀಗಳನ್ನ ಮಿಡಿ (ಯಾವ ಕೀ ಒತ್ತಿದ್ದು ಅಂತ ಕಂಪ್ಯೂಟರ್‌ಗೆ ತಿಳಿಸೋ ಸಂಕೇತ) ಮಾಡಿ, ಕಂಪ್ಯೂಟರ್‌ನಲ್ಲಿ ಪೈಪ್ ಆರ್ಗನ್ ಸಾಫ್ಟ್‌ವೇರ್ ಓಡಿಸೋಣ ಅಂತ. ದೊಡ್ಡಮ್ಮನಿಗೆ ಈಗ 81. ಹೊಸ ಫ್ಲ್ಯಾಟ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು ನುಡಿಸಬೇಕು, ಪಕ್ಕದ ಮನೆಯವರಿಗೆ ತೊಂದರೆ ಆಗಬಾರದು ಅನ್ನೋದು ಅವರ ಆಸೆ. ಬೇರೆ ಕೀಬೋರ್ಡ್ ಮುಟ್ಟೋಕೂ ಒಪ್ಪಲ್ಲ. ಏನು ಮಾಡಲಿ?

ಬಿಟ್_ಬೈಟ್_ಬೆಲ್ಲ · 10:41

ನಿಮ್ಮ ತಮ್ಮ ಹೇಳಿದ್ದೇ ಸರಿ. ಕೀ, ಪೆಡಲ್, ಮರದ ಪೆಟ್ಟಿಗೆ ಇಟ್ಟುಕೊಳ್ಳಿ, ಉಳಿದಿದ್ದೆಲ್ಲ ಆಚೆ. ಪ್ರತಿ ಕೀಗೆ ಒಂದು 1ಎನ್4148 ಡಯೋಡ್ ಹಾಕಿ 8×8 ಮ್ಯಾಟ್ರಿಕ್ಸ್ (ಅಡ್ಡ-ಉದ್ದ ತಂತಿಗಳ ಜಾಲ) ಮಾಡಿ, ಒಂದು ರಾಸ್ಪ್‌ಬೆರಿ ಪೈ ಪಿಕೊ ಅನ್ನೋ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್ ಕೂರಿಸಿ. ಬೋರ್ಡ್ ಐನೂರು ರೂಪಾಯಿ ಒಳಗೆ ಸಿಗುತ್ತೆ. ಯುಎಸ್‌ಬಿ ಮಿಡಿ ನೇರವಾಗಿ ಬರುತ್ತೆ. ಕಂಪ್ಯೂಟರ್‌ನಲ್ಲಿ ಪೈಪ್ ಆರ್ಗನ್ ಶಬ್ದಕ್ಕೆ ಗ್ರ್ಯಾಂಡ್‌ಆರ್ಗ್ ಹಾಕಿ, ಅದು ಉಚಿತ, ಮುಕ್ತ ತಂತ್ರಾಂಶ. ಎರಡು ವಾರಾಂತ್ಯದ ಕೆಲಸ ಅಷ್ಟೇ.

ಮಲ್ಲೇಶ್ವರಂ_8ನೇಕ್ರಾಸ್ · 10:44

ಫೋಟೋ ಹಾಕಿ ಮೇಡಂ ಮೊದಲು.

ಜಾಲಹಳ್ಳಿ_ಹಳಬ · 11:30

ಅಮ್ಮಾ, ದಯವಿಟ್ಟು ಏನನ್ನೂ ಕೀಳಬೇಡಿ. ನೀವು ಬರೆದ ಲಕ್ಷಣಗಳನ್ನ ಓದಿದರೆ ಆ ಆರ್ಗನ್ ಸತ್ತಿಲ್ಲ, ಮೂರು ನಾಲ್ಕು ಕಡೆ ಪೆಟ್ಟು ತಿಂದಿದೆ ಅಷ್ಟೇ. ಒಂದೊಂದಾಗಿ ಹೇಳ್ತೀನಿ.

ಈ ಜಾತಿಯ ಆರ್ಗನ್‌ಗಳಲ್ಲಿ ಹನ್ನೆರಡು ಮೂಲ ಆಸಿಲೇಟರ್ (ಸ್ವರ ಹುಟ್ಟಿಸೋ ಸರ್ಕ್ಯೂಟ್) ಇರ್ತವೆ, ಸಿ, ಸಿ ಶಾರ್ಪ್, ಡಿ ಹೀಗೆ ಸ್ವರಕ್ಕೊಂದು. ಅತಿ ಮೇಲಿನ ಆಕ್ಟೇವ್ ಅಲ್ಲಿ ಹುಟ್ಟುತ್ತೆ. ಅದನ್ನ ಎರಡರಿಂದ ಭಾಗಿಸಿದರೆ ಒಂದು ಆಕ್ಟೇವ್ ಕೆಳಗೆ, ಮತ್ತೆ ಭಾಗಿಸಿದರೆ ಇನ್ನೂ ಒಂದು ಕೆಳಗೆ. ಸರಪಳಿ ಇದ್ದಹಾಗೆ. ನಿಮ್ಮ ಎಫ್ ಶಾರ್ಪ್ ಎಲ್ಲ ಕಡೆ ಹೋಗಿದೆ ಅಂದರೆ ತಲೆಯೇ ಹೋಗಿದೆ, ಅಂದರೆ ಆ ಸ್ವರದ ಮೂಲ ಆಸಿಲೇಟರ್. ಎ ಮೇಲೆ ಬಂದು ಕೆಳಗೆ ಎರಡು ಆಕ್ಟೇವ್ ಇಲ್ಲ ಅಂದರೆ ಸರಪಳಿಯ ನಡುವೆ ಒಂದು ಕೊಂಡಿ ಕಳಚಿದೆ. ಅದಕ್ಕಿಂತ ಕೆಳಗಿನದಕ್ಕೆ ಸಿಗ್ನಲ್ಲೇ ತಲುಪ್ತಾ ಇಲ್ಲ. ಎರಡೂ ಕಡೆ ಬಹುಶಃ ಒಂದೊಂದು ಟ್ರಾನ್ಸಿಸ್ಟರ್ ಅಥವಾ ಕಪಾಸಿಟರ್ ವಿಷಯ.

"ಹುಂ" ಅನ್ನೋದು ಪವರ್ ಸಪ್ಲೈಯ ಫಿಲ್ಟರ್ ಕಪಾಸಿಟರ್. ನಮ್ಮ ಕರೆಂಟು 50 ಹರ್ಟ್ಸ್, ಎಸಿಯನ್ನ ಡಿಸಿ ಮಾಡೋ ರೆಕ್ಟಿಫೈಯರ್ ದಾಟಿದ ಮೇಲೆ 100 ಹರ್ಟ್ಸ್ ಏರಿಳಿತ. ಆ ಎಲೆಕ್ಟ್ರೋಲಿಟಿಕ್ ಕಪಾಸಿಟರ್ ಒಣಗಿ ಹೋದರೆ ಆ ಏರಿಳಿತ ಸೀದಾ ಸ್ಪೀಕರ್‌ಗೆ ಬರುತ್ತೆ. ಬೇಕಾದರೆ ಪರೀಕ್ಷೆ ಮಾಡಿ, ಆ ಹುಂಕಾರ ಕೆಳಗಿನ ಜಿ ಸ್ವರಕ್ಕೆ ಹತ್ತಿರ ಇರುತ್ತೆ. ಆ ಜಿ 98 ಹರ್ಟ್ಸ್.

ನಾನು ಬಿಇಎಲ್‌ನಲ್ಲಿ ಕೆಲಸ ಮಾಡಿದವನು. ಅರವತ್ತರ ದಶಕದಿಂದ ನಮ್ಮ ಜಾಲಹಳ್ಳಿಯಲ್ಲೇ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಾಗ್ತಿದ್ದವು. ಆಮೇಲೆ ಬಂದ ಸಿಲಿಕಾನ್ ಟ್ರಾನ್ಸಿಸ್ಟರ್ ಬಿಸಿ148 ಅಂದರೆ ಆಗಿನ ಕಾಲದ ರೇಡಿಯೋ ರಿಪೇರಿಯವರಿಗೆಲ್ಲ ಬಾಯಿಪಾಠ. ಈ ತರದ ಸರ್ಕ್ಯೂಟ್ ಕಣ್ಣಲ್ಲಿ ನೋಡಿ ಅರ್ಥ ಮಾಡಿಕೊಳ್ಳಬಹುದು, ಕೈಯಲ್ಲಿ ಮುಟ್ಟಿ ಸರಿ ಮಾಡಬಹುದು. ಅಂಥದ್ದನ್ನ ಕಸಕ್ಕೆ ಹಾಕೋದು ನನಗೆ ಒಪ್ಪಿಗೆ ಇಲ್ಲ.

ಬಿಟ್_ಬೈಟ್_ಬೆಲ್ಲ · 11:52

ಸರ್, ಗೌರವದಿಂದಲೇ ಭಿನ್ನಾಭಿಪ್ರಾಯ. ಇವತ್ತು ಎಫ್ ಶಾರ್ಪ್ ಸರಿ ಮಾಡ್ತೀರ, ಆರು ತಿಂಗಳಿಗೆ ಡಿ ಹೋಗುತ್ತೆ. ಐವತ್ತು ವರ್ಷದ ನೂರಾರು ಬಿಡಿಭಾಗ ಒಳಗಿವೆ. ಇನ್ನೊಂದು ಮಾತು, ಭಾಗಿಸಿ ಹುಟ್ಟಿಸಿದ ಆಕ್ಟೇವ್‌ಗಳೆಲ್ಲ ಒಂದಕ್ಕೊಂದು ಕಟ್ಟಿಹಾಕಿದ ಹಾಗೆ ಒಂದೇ ಹೆಜ್ಜೆಯಲ್ಲಿ ಓಡ್ತವೆ. ನಿಜವಾದ ಪೈಪ್ ಆರ್ಗನ್‌ನಲ್ಲಿ ಪ್ರತಿ ಪೈಪೂ ಸ್ವತಂತ್ರ, ಅದಕ್ಕೇ ಅದರ ನಾದ ತುಂಬಿಕೊಂಡಿರುತ್ತೆ. ಡಿವೈಡರ್ ಆರ್ಗನ್ ಸದ್ದು ಅದರ ಮುಂದೆ ಬಡಕಲು. ಸ್ಯಾಂಪಲ್ ಮಾಡಿದ, ಅಂದರೆ ಧ್ವನಿಮುದ್ರಿಸಿಟ್ಟ ಪೈಪ್ ಶಬ್ದ ಸಿಗೋವಾಗ ಅದಕ್ಯಾಕೆ ಅಂಟಿಕೊಳ್ಳಬೇಕು?

ಜಾಲಹಳ್ಳಿ_ಹಳಬ · 12:10

ಆಕ್ಟೇವ್‌ಗಳು ಕಟ್ಟಿಕೊಂಡಿರ್ತವೆ, ನಿಜ. ಆದರೆ ಹನ್ನೆರಡು ಸ್ವರಗಳು ಒಂದಕ್ಕೊಂದು ಕಟ್ಟಿಲ್ಲ. ಸಿ-ಇ-ಜಿ ಒಟ್ಟಿಗೆ ಹಿಡಿದಾಗ ಮೂರೂ ತಮ್ಮ ಪಾಡಿಗೆ ಕೂದಲೆಳೆಯಷ್ಟು ಅತ್ತಿತ್ತ ಅಲುಗಾಡ್ತವೆ. ಆ ಜೀವ ಇರೋದು ಅಲ್ಲೇ. ಆಮೇಲೆ ಬಂದ ಆರ್ಗನ್‌ಗಳಲ್ಲಿ ಒಂದೇ ಚಿಪ್‌ನಿಂದ ಹನ್ನೆರಡೂ ಸ್ವರ ತೆಗೆದರು, ನೀವು ಹೇಳೋ ಬಡಕಲುತನ ಅದಕ್ಕೆ ಹೆಚ್ಚು ಹೊಂದುತ್ತೆ.

ದೊಡ್ಡಮ್ಮನವರು ಪೈಪ್ ಆರ್ಗನ್ ಕೇಳಿದ್ದಾರಾ? ತಮ್ಮ ಆರ್ಗನ್ ಕೇಳಿದ್ದಾರೆ.

ಕಾಯರ್_ಬಾಸ್ · 12:25

ಹಳಬರ ಕೊನೇ ಸಾಲಿಗೆ ನನ್ನದೂ ಒಂದು ಓಟು. ಪೈಪ್ ಆರ್ಗನ್ ಅಂದರೆ ಏನು ಅಂತ ತಿಳಿಯಬೇಕಾದವರು ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚ್‌ಗೆ ಹೋಗಿ, ಅಲ್ಲಿ ನಿಜವಾದದ್ದೇ ಇದೆ. ಗಾಳಿ ಕೊಳವೆಯೊಳಗೆ ಹೋಗಿ ಎದೆಗೆ ತಾಗೋದು ಅಲ್ಲಿ ಗೊತ್ತಾಗುತ್ತೆ.

ಬೆಲ್ಲ ಅವರೇ, ಪೈಪ್ ಸಾಫ್ಟ್‌ವೇರ್ ಹಾಕೋದು ಸರಿ, ಆದರೆ ಅದಕ್ಕೆ ತಕ್ಕ ಕೀ ಬೇಕಲ್ಲ? ಪೂರ್ತಿ ಕನ್ಸೋಲ್ ಅಂದರೆ 61 ಕೀ, 32 ಪೆಡಲ್. ಇಲ್ಲಿರೋದು 44 ಮತ್ತು 13. ಬಾಖ್‌ನ ಪೆಡಲ್ ಭಾಗ ಒಂದು ಆಕ್ಟೇವ್‌ನಲ್ಲಿ ಮುಗಿಯಲ್ಲ. ಹಾಡುಪುಸ್ತಕದ ಕೀರ್ತನೆ ನುಡಿಸೋಕೆ ಮಾತ್ರ ಧಾರಾಳ ಸಾಕು. ನಾನು ಹುಡುಗನಾಗಿದ್ದಾಗ ನಮ್ಮ ಕನ್ನಡ ಆರಾಧನೆಗೆ ಇಂಥದ್ದೇ ಚಿಕ್ಕ ಆರ್ಗನ್ ಇತ್ತು. ಕ್ರಿಸ್‌ಮಸ್ ಹಿಂದಿನ ರಾತ್ರಿ ಕರೆಂಟು ಹೋದರೆ ಇಡೀ ಸಭೆ ಆರ್ಗನ್ ಇಲ್ಲದೇ ಹಾಡ್ತಿತ್ತು. ಕರೆಂಟು ಬಂದಾಗ ಅದು ಮತ್ತೆ ದನಿಗೂಡಿಸೋ ಕ್ಷಣಕ್ಕೆ ಮಕ್ಕಳೆಲ್ಲ ಕಾಯ್ತಿದ್ವಿ.

ಕರಿಮೂರು · ಮಧ್ಯಾಹ್ನ 1:05

ನಾ ಧಾರವಾಡದಾಂವ, ಈಗ ವಿಜಯನಗರದಾಗ ಇದ್ದೇನ್ರಿ. ಹಾರ್ಮೋನಿಯಂ ನುಡಿಸ್ತೀನಿ. ಎಫ್ ಶಾರ್ಪ್ ಅಂದ್ರ ನಮ್ಮ ಕರಿ ಮೂರು, ನನ್ನ ಹೆಸರಿನ ಮನಿನs ಹೋಗೇತಿ ಅಂದ ಮ್ಯಾಲ ಸುಮ್ನ ಕೂಡ್ಲಿಕ್ಕೆ ಆಗ್ಲಿಲ್ಲ.

ನಾಟಕ ಕಂಪನಿ ಕಾಲದಾಗ ಕಾಲು ಪೆಟ್ಟಿಗೆ ಇರ್ತಿತ್ತಲ್ರಿ, ಕಾಲಿಂದ ಗಾಳಿ ಊದಿ ಎರಡೂ ಕೈಲೆ ನುಡಿಸೂದು. ನಮ್ಮ ಅಜ್ಜನ ಹತ್ರ ಒಂದು ಇತ್ತು. ರೀಡ್ ಹೋದ್ವು ಅಂತ ಯಾರೋ ಒಳಗಿಂದೆಲ್ಲಾ ತಗದು ಮೋಟಾರು ಕೂಡ್ರಿಸಿದ್ರು. ಪೆಟ್ಟಿಗಿ ಉಳೀತು, ಅಜ್ಜನ ದನಿ ಹೋತು. ಹಂಗ ಆಗಬಾರ್ದು ಅಂತ ನನ್ನ ಮನಸಿನಾಗಿನ ಮಾತು.

ಆರ್ಕೆಸ್ಟ್ರಾ_80 · 1:22

ಎಲ್ಲರೂ ಸೆಂಟಿಮೆಂಟಿಗೆ ಬಿದ್ದಿದ್ದೀರ. ಗಣೇಶನ ಹಬ್ಬ, ರಾಜ್ಯೋತ್ಸವ ಅಂತ ಎಷ್ಟೋ ಸ್ಟೇಜ್ ಮಾಡಿದವನು ನಾನು, ಕಾಂಬೋ ಆರ್ಗನ್ ಹೊತ್ತುಕೊಂಡು ಲಾರೀಲಿ ಊರೂರು ಸುತ್ತಿದ್ದೀನಿ. ಮಳೆ ಬಂದ ದಿನ ಶ್ರುತಿ ಇಳಿಯೋದು, ಸ್ಟೇಜ್ ಲೈಟ್ ಬಿಸಿಗೆ ಏರೋದು. ಗಾಯಕರು ನನ್ನ ಮುಖ ನೋಡೋರು. ಡಿಜಿಟಲ್ ಕೀಬೋರ್ಡ್ ಬಂದ ದಿನ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಹಳೇ ಶಬ್ದ ಬೇಕು ಅಂದ್ರೆ ಹ್ಯಾಮಂಡ್ ಹುಡುಕಿ. 1935ರಲ್ಲಿ ಬಂದದ್ದು, ಒಳಗೆ 91 ಲೋಹದ ಚಕ್ರ ತಿರುಗ್ತವೆ, ಮುಂದೆ ನಾದ ಬದಲಾಯಿಸೋಕೆ ಎಳೆಯೋ ಒಂಬತ್ತು ಡ್ರಾಬಾರ್. ಅದು ಆರ್ಗನ್ ಅಂದ್ರೆ.

ಬೆಸುಗೆ · 1:40

ಹ್ಯಾಮಂಡ್ ಇಲ್ಲಿಗೆ ತರೋ ಮುಂಚೆ ಒಂದು ಎಚ್ಚರಿಕೆ. ಚಕ್ರ ತಿರುಗಿಸೋದು ಸಿಂಕ್ರೊನಸ್ ಮೋಟಾರು, ಕರೆಂಟಿನ ಹರ್ಟ್ಸ್ ಎಷ್ಟೋ ಅದರ ವೇಗ ಅಷ್ಟು. 60 ಹರ್ಟ್ಸ್‌ನ ಅಮೆರಿಕದ ಯಂತ್ರವನ್ನ ನಮ್ಮ 50 ಹರ್ಟ್ಸ್‌ಗೆ ಹಾಕಿದರೆ ಇಡೀ ಆರ್ಗನ್ ಮೂರು ಮನೆ ಕೆಳಗೆ ಇಳಿಯುತ್ತೆ. ಸಿ ಒತ್ತಿದರೆ ಎ ಬರುತ್ತೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಾಯಿಸುತ್ತೆ, ಹರ್ಟ್ಸ್ ಬದಲಾಯಿಸಲ್ಲ.

ಬೇವಿನಮರ ಅವರ ಆರ್ಗನ್‌ಗೆ ಆ ಸಮಸ್ಯೆ ಇಲ್ಲ, ಅದರ ಶ್ರುತಿಗೂ ಕರೆಂಟಿಗೂ ಸಂಬಂಧ ಇಲ್ಲ. ಆದರೆ ತಿರುಗೋ ಸ್ಪೀಕರ್‌ನ ಮೋಟಾರು ಮಾತ್ರ ಆರನೇ ಒಂದು ಭಾಗ ನಿಧಾನ ಆಗಿರುತ್ತೆ. ಮೇಡಂ, ನಿಮ್ಮ ಮನೇಲಿ 230ರಿಂದ 117ಕ್ಕೆ ಇಳಿಸೋ ಡಬ್ಬ ಇದೆಯಾ? ಅದು ಆಟೋ ಟ್ರಾನ್ಸ್‌ಫಾರ್ಮರ್ ಆಗಿದ್ದರೆ ಹುಷಾರು. ಮುಖ್ಯ ಲೈನ್‌ನಿಂದ ಅದು ಬೇರ್ಪಡಿಸಲ್ಲ. ಒಳಗೆ ಕೈ ಹಾಕೋ ಮುಂಚೆ ಪ್ಲಗ್ ಕಿತ್ತು, ಕಪಾಸಿಟರ್ ಖಾಲಿ ಆಗೋವರೆಗೆ ಕಾಯಿರಿ.

ಬೇವಿನಮರ · ಸಂಜೆ 4:15

ಹೌದು, ಪಕ್ಕದಲ್ಲಿ ಭಾರದ ಒಂದು ಕಬ್ಬಿಣದ ಡಬ್ಬ ಇದೆ. "ಅದನ್ನ ಬಿಟ್ಟು ನೇರ ಗೋಡೆಗೆ ಹಾಕಿದರೆ ಕೊಂದೇಬಿಡ್ತೀನಿ" ಅಂತ ದೊಡ್ಡಮ್ಮ ಚಿಕ್ಕಂದಿನಲ್ಲಿ ನಮಗೆ ಹೆದರಿಸಿದ್ದು ಈಗ ಅರ್ಥ ಆಯ್ತು.

ನಿಮ್ಮೆಲ್ಲರ ಮಾತು ಅವರಿಗೆ ಓದಿ ಹೇಳಿದೆ. ಎಫ್ ಶಾರ್ಪ್ ಹೋಗಿ ಹನ್ನೊಂದು ವರ್ಷ ಆಯ್ತಂತೆ. ಅಲ್ಲಿಂದ ಇಲ್ಲಿವರೆಗೆ ಎಫ್ ಶಾರ್ಪ್ ಬರೋ ಹಾಡುಗಳನ್ನೆಲ್ಲ ಬೇರೆ ಶ್ರುತಿಗೆ ಬದಲಾಯಿಸಿಕೊಂಡು ನುಡಿಸಿದ್ದಾರೆ. ನಮಗ್ಯಾರಿಗೂ ಹೇಳಿರಲೇ ಇಲ್ಲ. ನಾನು ಅಷ್ಟು ಸಲ ಹೋಗಿಬಂದೂ ಕೇಳಿಸಿಕೊಂಡಿಲ್ಲ ಅನ್ನೋದು ತುಂಬ ನೋಯ್ತಿದೆ.

ಗುಜರಿ_ಪ್ರೇಮಿ · 4:31

ಮೇಡಂ, ಸರಿ ಮಾಡೇ ಮಾಡೋಣ. ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ನಾನು ವಾರಕ್ಕೊಂದು ಸಲ ಹೋಗ್ತೀನಿ, ಬೇಕಾದ್ದು ಪಟ್ಟಿ ಕೊಡಿ. ಕಪಾಸಿಟರ್ ತಗೊಳ್ಳೋವಾಗ ಹಳೇ ಸ್ಟಾಕ್ ಬೇಡ, ಅಂಗಡಿಯ ಶೆಲ್ಫ್‌ನಲ್ಲೇ ಒಣಗಿರುತ್ತೆ. 105 ಡಿಗ್ರಿಯದ್ದು ಕೇಳಿ, ವೋಲ್ಟೇಜ್ ಹಳೇದರಷ್ಟೇ ಅಥವಾ ಜಾಸ್ತಿ. ಪ್ಲಸ್ ಮೈನಸ್ ತಿರುಗಾ ಮುರುಗಾ ಆದರೆ ಸಿಡಿಯುತ್ತೆ.

ಬೆಲ್ಟ್‌ಗೆ ಹೊಲಿಗೆ ಮೆಷಿನ್ ಮೋಟಾರಿನ ರಬ್ಬರ್ ಬೆಲ್ಟ್ ಅಳತೆ ನೋಡಿ ತನ್ನಿ. ನನ್ನ ಹಳೇ ಟೇಪ್ ಮೆಷಿನ್‌ಗೆ ಅದೇ ಹಾಕಿದ್ದು, ಇನ್ನೂ ಓಡ್ತಿದೆ.

ಮಲ್ಲೇಶ್ವರಂ_8ನೇಕ್ರಾಸ್ · 4:50

ಒಂದು ಪ್ರಶ್ನೆ, ತಪ್ಪು ತಿಳೀಬೇಡಿ. ಇಷ್ಟೆಲ್ಲ ಕಷ್ಟ ಒಂದು ವಿದೇಶಿ ವಾದ್ಯಕ್ಕೆ ಯಾಕೆ? ನಮ್ಮ ಸಂಗೀತದ ಗಮಕ ಇದರಲ್ಲಿ ಬರೋದೇ ಇಲ್ಲ.

ಕರಿಮೂರು · 4:58

ಇದs ಮಾತು ಹಾರ್ಮೋನಿಯಂಗೂ ಅಂದಿದ್ರಲ್ರಿ! 1940ರಿಂದ 1971ರ ತನಕಾ ಆಕಾಶವಾಣಿಯಾಗ ಹಾರ್ಮೋನಿಯಂಗ ಬಾಗಲಾ ಹಾಕಿದ್ರು. ಮೂವತ್ತು ವರ್ಷ! ಆ ಪೆಟ್ಟಿಗೀನೂ ಯುರೋಪಿನಿಂದs ಬಂದದ್ದು. ಈಗ ನಮ್ಮ ಭಜನಿ, ಕೀರ್ತನ, ನಾಟಕ ಅದಿಲ್ಲದ ನಡಿಯೂದಿಲ್ಲ.

ಕಾಯರ್_ಬಾಸ್ · 5:06

ಮೈಸೂರಿನ ಜಯಚಾಮರಾಜ ಒಡೆಯರ್ ವೀಣೆಯ ನಾಡಿನ ದೊರೆ, ಸ್ವತಃ ಕೃತಿ ರಚಿಸಿದವರು. ಅವರೇ ಲಂಡನ್‌ನಲ್ಲಿದ್ದ ರಷ್ಯನ್ ಸಂಯೋಜಕ ಮೆಟ್ನರ್ ತನ್ನ ಕೃತಿಗಳನ್ನ ಧ್ವನಿಮುದ್ರಿಸಿಕೊಳ್ಳೋಕೆ ಹಣ ಕೊಟ್ಟರು. ಸಂಗೀತಕ್ಕೆ ಗಡಿ ಹಾಕದೇ ಇದ್ದದ್ದೇ ಮೈಸೂರಿನ ಪರಂಪರೆ. ಆಮೇಲೆ ಆ ದೊಡ್ಡಮ್ಮ ಮೂವತ್ತು ವರ್ಷ ಫ್ರೇಜರ್ ಟೌನ್‌ನ ಮಕ್ಕಳಿಗೆ ಕಲಿಸಿದ ವಾದ್ಯ ವಿದೇಶಿ ಹೇಗಾಗುತ್ತೆ?

ಮಲ್ಲೇಶ್ವರಂ_8ನೇಕ್ರಾಸ್ · 5:10

ಒಪ್ಪಿದೆ. ಫೋಟೋ ಮಾತ್ರ ಇನ್ನೂ ಬಂದಿಲ್ಲ.

ಬೆಸುಗೆ · 5:45

ವಿಷಯಕ್ಕೆ ವಾಪಸ್ ಬರೋಣ. ಕೀಳೋದಾ ಇಟ್ಟುಕೊಳ್ಳೋದಾ ಅನ್ನೋ ಜಗಳವೇ ಬೇಕಿಲ್ಲ ಅನ್ನಿಸುತ್ತೆ. ಹಳೇ ಸರ್ಕ್ಯೂಟ್ ಹಾಗೇ ನುಡೀತಾ ಇರಲಿ, ಅದರ ಪಕ್ಕದಲ್ಲೇ ಮಿಡಿ ಕೂರಲಿ. ಆದರೆ ಇದು ಸಾಧ್ಯವೋ ಇಲ್ಲವೋ ಅನ್ನೋದು ಒಂದೇ ವಿಷಯದ ಮೇಲೆ ನಿಂತಿದೆ: ಕೀ ಒತ್ತಿದಾಗ ಆ ಕಾಂಟ್ಯಾಕ್ಟ್ ಮೂಲಕ ಹೋಗೋದೇನು?

ಕೆಲವು ಆರ್ಗನ್‌ಗಳಲ್ಲಿ ಸ್ವರದ ಸಿಗ್ನಲ್ಲೇ ಕಾಂಟ್ಯಾಕ್ಟ್ ದಾಟಿ ಹೋಗುತ್ತೆ. ಅದನ್ನ ಮೈಕ್ರೊಕಂಟ್ರೋಲರ್ ಸುಲಭವಾಗಿ ಓದೋಕಾಗಲ್ಲ. ಪ್ರತಿ ಕೀ ಕೆಳಗೆ ಇನ್ನೊಂದು ಸ್ವಿಚ್ ಬೇಕಾಗುತ್ತೆ. ಇನ್ನು ಕೆಲವದರಲ್ಲಿ ಕೀ ಬರೀ ಡಿಸಿ ವೋಲ್ಟೇಜ್ ಕಳಿಸುತ್ತೆ, ಆ ವೋಲ್ಟೇಜ್ ಒಳಗಿನ ಒಂದು ಗೇಟ್ ತೆರೆದು ಸ್ವರ ಬಿಡುತ್ತೆ. ಹಾಗಿದ್ದರೆ ಹಬ್ಬ. ಆ ಡಿಸಿಯನ್ನೇ ನಾವೂ ಓದಬಹುದು, ಒಂದು ತಂತಿಯನ್ನೂ ಕತ್ತರಿಸಬೇಕಿಲ್ಲ.

ಮಲ್ಟಿಮೀಟರ್ ಡಿಸಿಗೆ ಇಡಿ. ಕಪ್ಪು ಪ್ರೋಬ್ ಚಾಸಿಗೆ (ಒಳಗಿನ ಲೋಹದ ಚೌಕಟ್ಟಿಗೆ), ಕೆಂಪು ಪ್ರೋಬ್ ಒಂದು ಕೀ ತಂತಿ ಹೋಗೋ ಟ್ಯಾಗ್‌ಗೆ. ಕೀ ಒತ್ತಿ ಬಿಟ್ಟು ನೋಡಿ ಎಷ್ಟು ತೋರಿಸುತ್ತೆ ಹೇಳಿ. ಒಬ್ಬರೇ ಮಾಡಬೇಡಿ, ತಮ್ಮ ಜೊತೆಗಿರಲಿ.

ಬಿಟ್_ಬೈಟ್_ಬೆಲ್ಲ · 6:02

ಇದು ಚೆನ್ನಾಗಿದೆ. ನಾನು ಯೋಚಿಸಿರಲಿಲ್ಲ. ಡಿಸಿ ಆದರೆ ಮ್ಯಾಟ್ರಿಕ್ಸ್ ಬಿಟ್ಟುಬಿಡಿ, 74ಎಚ್‌ಸಿ165 ಶಿಫ್ಟ್ ರಿಜಿಸ್ಟರ್ (ಹಲವು ಇನ್‌ಪುಟ್ ಓದಿ ಒಂದೇ ತಂತಿಯಲ್ಲಿ ಸಾಲಾಗಿ ಕಳಿಸೋ ಚಿಪ್) ಸಾಕು. 44+44+13 ಅಂದರೆ 101 ಇನ್‌ಪುಟ್. ಒಂದು ಚಿಪ್‌ಗೆ ಎಂಟು, ಹದಿಮೂರು ಚಿಪ್‌ಗೆ 104. ಮೂರು ಉಳಿಯುತ್ತೆ, ನಾದ ಆರಿಸೋ ಟ್ಯಾಬ್ ಸ್ವಿಚ್‌ಗೆ ಆಗುತ್ತೆ. ಪಿಕೊಗೆ ಬರೀ ಮೂರು ತಂತಿ.

ಬೇವಿನಮರ · ಸೋಮವಾರ ರಾತ್ರಿ 9:10

ಅಳೆದಾಯ್ತು! ಒತ್ತದೇ ಇದ್ದಾಗ 0, ಒತ್ತಿದರೆ 12ಕ್ಕೆ ಹತ್ತಿರ, ಅಲುಗಾಡದೇ ನಿಲ್ಲುತ್ತೆ. ಹತ್ತು ಕೀ ನೋಡಿದೆ, ಎಲ್ಲವೂ ಹಾಗೇ. ಬಿಟ್ಟ ಮೇಲೆ ಕೆಲವದರಲ್ಲಿ ಮೆಲ್ಲಗೆ ಇಳಿಯುತ್ತೆ, ಥಟ್ ಅಂತ 0 ಆಗಲ್ಲ.

ಬೆಸುಗೆ · 9:22

ಹಬ್ಬ! ಮೆಲ್ಲಗೆ ಇಳಿಯೋದು ಸಸ್ಟೇನ್, ಸ್ವರ ನಿಧಾನಕ್ಕೆ ಕರಗಲಿ ಅಂತ ಇಟ್ಟ ಕಪಾಸಿಟರ್.

12 ವೋಲ್ಟ್ ನೇರ ಪಿಕೊಗೆ ಕೊಟ್ಟರೆ ಸುಟ್ಟುಹೋಗುತ್ತೆ, ಅದಕ್ಕೆ 3.3ಕ್ಕಿಂತ ಹೆಚ್ಚು ಆಗಬಾರದು. ಪ್ರತಿ ಕೀಗೆ ಎರಡು ರೆಸಿಸ್ಟರ್, ಮೇಲೆ 33 ಕೆ, ಕೆಳಗೆ 10 ಕೆ. 12 ವೋಲ್ಟ್ ಬಂದರೆ ಸುಮಾರು 2.8 ಸಿಗುತ್ತೆ. ಶಿಫ್ಟ್ ರಿಜಿಸ್ಟರ್‌ಗಳಿಗೂ 3.3ರಲ್ಲೇ ಪವರ್ ಕೊಡಿ.

ಜಾಲಹಳ್ಳಿ_ಹಳಬ · 9:40

ಬೆಸುಗೆಯವರೇ, ತಡೀರಿ. 43 ಕೆ ಹೊರೆ ಆ ಸಸ್ಟೇನ್ ಕಪಾಸಿಟರ್ ಮೇಲೆ ಬಿದ್ದರೆ ಅದು ಬೇಗ ಖಾಲಿ ಆಗುತ್ತೆ. ಹಳೇ ಸ್ವರದ ಬಾಲವೇ ಕತ್ತರಿಸಿಹೋಗುತ್ತೆ. ನುಡಿಸುವವರಿಗೆ ಮೊದಲ ದಿನವೇ ಗೊತ್ತಾಗುತ್ತೆ, ಏನೋ ಒಣಗಿದಂತಿದೆ ಅಂತಾರೆ.

ಬೆಸುಗೆ · 9:47

ಸರಿ ಸರ್, ತಪ್ಪಾಯ್ತು. 330 ಕೆ ಮತ್ತು 100 ಕೆ ಮಾಡೋಣ. ಪ್ರಮಾಣ ಅದೇ, ಹೊರೆ ಹತ್ತನೇ ಒಂದು. ಚಿಪ್‌ನ ಇನ್‌ಪುಟ್ ಸಿಮಾಸ್ ಜಾತಿಯದ್ದು, ಅದಕ್ಕೆ ಕರೆಂಟೇ ಬೇಡ ಅನ್ನಬಹುದು.

ಜಾಲಹಳ್ಳಿ_ಹಳಬ · 10:05

ಹೊರೆ ಕಡಿಮೆ ಆಯ್ತು, ಇನ್ನೊಂದು ತೊಂದರೆ ಉಳೀತು. ವೋಲ್ಟೇಜ್ ಮೆಲ್ಲಗೆ ಇಳಿಯುವಾಗ ಚಿಪ್‌ಗೆ ಒಂದೋ ಸೊನ್ನೆಯೋ ತಿಳಿಯದೇ ನಡುವೆ ಒದ್ದಾಡುತ್ತೆ. ಮಿಡಿಯಲ್ಲಿ ಸ್ವರ ಬಿಟ್ಟಮೇಲೂ ಹಿಡಿದ ಹಾಗೇ ಇರುತ್ತೆ.

ಬೇವಿನಮರ, ಕೀ ಮತ್ತು ಆ ಕಪಾಸಿಟರ್ ನಡುವೆ ಒಂದು ಚಿಕ್ಕ ಗಾಜಿನ ಡಯೋಡ್ ಇದೆಯಾ ನೋಡಮ್ಮ. ಇದ್ದರೆ ತಂತಿಯನ್ನ ಡಯೋಡ್‌ನ ಈಚೆ ಕಡೆ, ಕೀ ಕಡೆ ಹಾಕಿ. ಕಪಾಸಿಟರ್‌ನ ಕರೆಂಟು ಡಯೋಡ್ ದಾಟಿ ವಾಪಸ್ ಬರೋಕಾಗಲ್ಲ. ಕೀ ಬಿಟ್ಟ ಕ್ಷಣವೇ ನಿಮ್ಮ ಕಡೆ ಸೊನ್ನೆ. ಸಸ್ಟೇನ್ ತನ್ನ ಪಾಡಿಗೆ ತಾನು. ಆಗ 33 ಕೆ, 10 ಕೆ ಕೂಡ ನಡೆಯುತ್ತೆ.

ಬೇವಿನಮರ · 10:31

ಇದೆ ಸರ್! ಸಾಲಾಗಿ ಕೂತಿವೆ, ಕಿತ್ತಳೆ ಬಣ್ಣದ ಪುಟ್ಟ ಪುಟ್ಟವು. ತಮ್ಮ ಟಾರ್ಚ್ ಹಿಡಿದು ಎಣಿಸ್ತಾ ಕೂತಿದ್ದಾನೆ. ಕೀಳೋಣ ಅಂತಿದ್ದವನು ಈಗ ಯಾವುದನ್ನೂ ಮುಟ್ಟೋಕೆ ಬಿಡ್ತಿಲ್ಲ.

ಆರ್ಕೆಸ್ಟ್ರಾ_80 · ಮಂಗಳವಾರ ಬೆಳಗ್ಗೆ 7:15

ಎಲ್ಲ ಸರಿ, ಆದ್ರೆ ಕಂಪ್ಯೂಟರ್ ಹಾಕಿದ್ರೆ ಶಬ್ದ ತಡವಾಗಿ ಬರುತ್ತೆ. ಕೀ ಒತ್ತಿ ಆಮೇಲೆ ಸ್ವರ ಕೇಳೋದು ಅಂದ್ರೆ ನುಡಿಸೋರಿಗೆ ಹಿಂಸೆ. ನಾನು ಅನುಭವಿಸಿದ್ದೀನಿ.

ಬಿಟ್_ಬೈಟ್_ಬೆಲ್ಲ · 7:50

ಲೆಕ್ಕ ಹಾಕೋಣ. ಹಳೇ ಐದು ಪಿನ್ನಿನ ಮಿಡಿ ಕೇಬಲ್ ಸೆಕೆಂಡಿಗೆ 31,250 ಬಿಟ್. ಒಂದು ಸ್ವರಕ್ಕೆ ಮೂರು ಬೈಟ್, ಅಂದರೆ ಹತ್ತಿರ ಹತ್ತಿರ 1 ಮಿಲಿಸೆಕೆಂಡ್. ಎರಡೂ ಕೈ ಎರಡೂ ಕಾಲು ಒಟ್ಟಿಗೆ ಬಿದ್ದರೆ ಹತ್ತು ಸ್ವರಕ್ಕೆ ಹತ್ತು ಮಿಲಿಸೆಕೆಂಡ್. ನೀವು ಅನುಭವಿಸಿದ್ದರಲ್ಲಿ ಇದೂ ಒಂದು ಪಾಲು ಇರಬಹುದು. ಯುಎಸ್‌ಬಿ ಮಿಡಿಗೆ ಈ ತೊಂದರೆ ಇಲ್ಲ. ಸೌಂಡ್ ಕಾರ್ಡ್ ಬಫರ್ (ಶಬ್ದ ಕೂಡಿಟ್ಟು ಕಳಿಸೋ ಜಾಗ) 128 ಸ್ಯಾಂಪಲ್ ಇಟ್ಟರೆ, 48 ಕಿಲೋಹರ್ಟ್ಸ್‌ನಲ್ಲಿ 2.7 ಮಿಲಿಸೆಕೆಂಡ್. ಸದ್ದು ಗಾಳಿಯಲ್ಲಿ ಒಂದು ಮೀಟರ್ ಬರೋಕೇ ಸುಮಾರು 3 ಬೇಕು.

ರಾಸ್ಪ್‌ಬೆರಿ ಪೈ 4 ಆದರೂ ಸಾಕು, ಆದರೆ ಅದರ ಹೆಡ್‌ಫೋನ್ ತೂತಿನ ಶಬ್ದ ಚೆನ್ನಾಗಿಲ್ಲ. ಪ್ರತ್ಯೇಕ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿ. ಪೈಪ್ ಸ್ಯಾಂಪಲ್‌ಗಳು ಮೆಮೊರಿಯಲ್ಲಿ ಕೂರಬೇಕು, ಹಾಗಾಗಿ ಚಿಕ್ಕ ಆರ್ಗನ್ ಒಂದನ್ನ ಆರಿಸಿ. ಹ್ಯಾಮಂಡ್ ಶಬ್ದ ಬೇಕಾದರೆ ಸೆಟ್‌ಬಿಫ್ರೀ ಅಂತ ಉಚಿತವಾಗಿ ಸಿಗುತ್ತೆ, ಅದರಲ್ಲಿ ತಿರುಗೋ ಸ್ಪೀಕರ್ ಕೂಡ ಇದೆ. ಆರ್ಕೆಸ್ಟ್ರಾ ಅಣ್ಣ, ಅದು ನಿಮಗೋಸ್ಕರ.

ಆರ್ಕೆಸ್ಟ್ರಾ_80 · 8:05

ಅದನ್ನ ಈವತ್ತೇ ಹಾಕ್ಕೊಂಡು ನೋಡ್ತೀನಿ ಗುರು.

ಬೆಸುಗೆ · 8:20

ಕೋಡ್ ಬರೆಯೋರಿಗೆ ಮೂರು ಮಾತು. ಈ ಕೀಗಳಿಗೆ ಒಂದೇ ಕಾಂಟ್ಯಾಕ್ಟ್, ಎಷ್ಟು ಜೋರಾಗಿ ಒತ್ತಿದರು ಅಂತ ತಿಳಿಯಲ್ಲ, ಆರ್ಗನ್‌ಗೆ ಬೇಕಾಗಿಯೂ ಇಲ್ಲ. ಮಿಡಿಯಲ್ಲಿ ಒತ್ತಿದ ಜೋರು ಹೇಳೋ ವೆಲಾಸಿಟಿಯನ್ನ 100 ಅಂತ ಸ್ಥಿರವಾಗಿ ಇಡಿ. ಕಾಂಟ್ಯಾಕ್ಟ್ ಅದುರೋದು ಸಹಜ. ಮೊದಲ ಸಲ ತಾಗಿದ ಕೂಡಲೇ ಸ್ವರ ಆನ್ ಕಳಿಸಿ, ಆಫ್ ಮಾತ್ರ ಐದು ಮಿಲಿಸೆಕೆಂಡ್ ಕಾದು ಕಳಿಸಿ. ಆನ್‌ಗೂ ಕಾದರೆ ದೊಡ್ಡಮ್ಮನ ಬೆರಳಿಗೆ ತಿಳಿಯುತ್ತೆ. ಮೇಲಿನ ಕೀಬೋರ್ಡ್ ಚಾನೆಲ್ 1, ಕೆಳಗಿನದು 2, ಪೆಡಲ್ 3.

ಪಿಕೊಗೆ ಆರ್ಗನ್‌ನ ಸಪ್ಲೈಯಿಂದ ಪವರ್ ಕೊಡಬೇಡಿ, ಬೇರೆ ಅಡಾಪ್ಟರ್ ಇರಲಿ. ಗ್ರೌಂಡ್ ಒಂದೇ ಜಾಗದಲ್ಲಿ ಸೇರಿಸಿ. ಇಲ್ಲದಿದ್ದರೆ ಹಳೇ ಆಂಪ್ಲಿಫೈಯರ್‌ನಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಸದ್ದು ಬರುತ್ತೆ.

ಗುಜರಿ_ಪ್ರೇಮಿ · 8:41

ಕಾಂಟ್ಯಾಕ್ಟ್ ಕ್ಲೀನ್ ಮಾಡೋಕೆ ಸ್ಯಾಂಡ್ ಪೇಪರ್ ಹಿಡಿದೀರಾ, ಜೋಕೆ! ಮೇಲಿನ ತೆಳು ಲೇಪ ಹೋದರೆ ಕಥೆ ಮುಗೀತು. ತುಕ್ಕು ಬಿಡಿಸೋ ಎಣ್ಣೆ ಸ್ಪ್ರೇ ಕೂಡ ಬೇಡ, ಧೂಳು ಕಟ್ಟುತ್ತೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ದಪ್ಪ ಕಾಗದದ ಚೂರನ್ನ ತಂತಿ ಮತ್ತು ಬಾರ್ ನಡುವೆ ಇಟ್ಟು, ಕೀ ಮೆತ್ತಗೆ ಒತ್ತಿ ಎಳೀರಿ. ಮದುವೆ ಪತ್ರಿಕೆಯ ಕಾಗದ ಹೇಳಿ ಮಾಡಿಸಿದ ಹಾಗಿರುತ್ತೆ.

ತಂಬೂರಿ_ತಂತಿ · ಬುಧವಾರ 11:00

ಇಷ್ಟು ದಿನ ಓದ್ತಾ ಇದ್ದೆ. ನನ್ನ ಹತ್ರ ಇರೋದು ಒಂದೇ ಚಿಪ್‌ನಿಂದ ಹನ್ನೆರಡು ಸ್ವರ ತೆಗೆಯೋ ಜಾತಿ ಆರ್ಗನ್. ಎಂಕೆ50240 ಅಂತ ಬರೆದಿದೆ, ಅದು ಸತ್ತಿದೆ. ಈಗ ತಯಾರಾಗಲ್ಲವಂತೆ. ನನ್ನದಕ್ಕೆ ದಾರಿ ಇದೆಯಾ?

ಬಿಟ್_ಬೈಟ್_ಬೆಲ್ಲ · 11:18

ಇದೆ! ಆ ಚಿಪ್‌ನ ಕೆಲಸ ಬರೀ ಭಾಗಾಕಾರ. ಸುಮಾರು 2 ಮೆಗಾಹರ್ಟ್ಸ್ ಗಡಿಯಾರವನ್ನ 239, 253, 268, 284 ಹೀಗೆ 478ರವರೆಗೆ ಭಾಗಿಸಿ ಸ್ವರ ಕೊಡುತ್ತೆ. 239ರಿಂದ ಭಾಗಿಸಿದ್ದಕ್ಕೂ 478ರಿಂದ ಭಾಗಿಸಿದ್ದಕ್ಕೂ ನಡುವೆ ಸರಿಯಾಗಿ ಒಂದು ಆಕ್ಟೇವ್. ಪಿಕೊ 2ರಲ್ಲಿ ತಮ್ಮ ಪಾಡಿಗೆ ಓಡೋ ಹನ್ನೆರಡು ಪುಟ್ಟ ಸರ್ಕ್ಯೂಟ್ (ಪಿಐಒ ಸ್ಟೇಟ್ ಮೆಷಿನ್) ಇವೆ, ಸ್ವರಕ್ಕೊಂದು! ಯಾರೋ ನಮಗೋಸ್ಕರ ಲೆಕ್ಕ ಹಾಕಿ ಮಾಡಿದ ಹಾಗಿದೆ. ಉಳಿದ ಹದಿಮೂರನೇ ಔಟ್‌ಪುಟ್‌ಗೆ ಒಂದನ್ನ ಎರಡರಿಂದ ಭಾಗಿಸಿದರಾಯ್ತು. ಆದರೆ ಅದು ಕೊಡೋದು 3.3 ವೋಲ್ಟ್, ಹಳೇ ಡಿವೈಡರ್‌ಗಳಿಗೆ ಅದಕ್ಕಿಂತ ಹೆಚ್ಚು ಬೇಕು. ಸ್ವರಕ್ಕೊಂದು ಟ್ರಾನ್ಸಿಸ್ಟರ್ ಹಾಕಿ ಮೇಲೆತ್ತಿ.

ಹೊಸ ದಾರ (ಥ್ರೆಡ್) ಶುರು ಮಾಡಿ, ಅಲ್ಲಿ ಪೂರ್ತಿ ಬರೀತೀನಿ. ಇಲ್ಲಿ ದೊಡ್ಡಮ್ಮನ ಕೆಲಸ ನಡೀತಿದೆ.

ಜಾಲಹಳ್ಳಿ_ಹಳಬ · 11:40

ಇದು ನನಗೂ ಹೊಸದು. ಹಳೇ ದೇಹಕ್ಕೆ ಹೊಸ ಹೃದಯ. ಈ ಬಗೆಯ ಡಿಜಿಟಲ್‌ಗೆ ನನ್ನ ತಕರಾರಿಲ್ಲ ಬೆಲ್ಲ. ನಮ್ಮ ಬೆಂಗಳೂರಿನಲ್ಲೇ ರಾಡೆಲ್‌ನ ರಾಜ್ ನಾರಾಯಣ್ ಎಪ್ಪತ್ತರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಮಾಡಿದಾಗ ವಿದ್ವಾಂಸರು ಮುಖ ತಿರುಗಿಸಿದ್ದು ನಾನು ಕಣ್ಣಾರೆ ಕಂಡಿದ್ದೇನೆ. ಈಗ ಅದಿಲ್ಲದ ಸಂಗೀತ ಪಾಠದ ಮನೆ ಯಾವುದಿದೆ?

ಬೇವಿನಮರ · ಮೂರು ವಾರದ ನಂತರ, ಶನಿವಾರ ರಾತ್ರಿ 8:30

ಬರೆಯೋಕೆ ತಡವಾಯ್ತು, ಕ್ಷಮಿಸಿ. ಮನೆ ಸಾಗಿಸೋ ಗಲಾಟೆ.

ಹಳಬರು ಎರಡು ಭಾನುವಾರ ಬಂದು ಕೂತು ಎಫ್ ಶಾರ್ಪ್ ಟ್ರಾನ್ಸಿಸ್ಟರ್ ಬದಲಾಯಿಸಿದರು. ಎ ಸ್ವರದ ಸರಪಳಿಯಲ್ಲಿ ಒಂದು ಬೆಸುಗೆ ಬಿಟ್ಟಿತ್ತು ಅಷ್ಟೇ. ಗುಜರಿ ಪ್ರೇಮಿಯವರು ತಂದುಕೊಟ್ಟ ಕಪಾಸಿಟರ್ ಹಾಕಿದ ಮೇಲೆ ಹುಂಕಾರ ನಿಂತೇಹೋಯ್ತು. ಆ ನಿಶ್ಶಬ್ದ ಕೇಳಿ ನಾವು ಆರ್ಗನ್ ಆಫ್ ಆಗಿದೆ ಅಂದುಕೊಂಡ್ವಿ. ಹದಿಮೂರು ಚಿಪ್‌ನ ಬೋರ್ಡ್ ತಮ್ಮನೇ ಬೆಸೆದ. 202 ರೆಸಿಸ್ಟರ್! ಬೆಲ್ಲ ಅವರ ಕೋಡ್ ಎರಡನೇ ಸಲಕ್ಕೆ ಓಡಿತು. ತಿರುಗೋ ಸ್ಪೀಕರ್‌ಗೆ ಹೊಲಿಗೆ ಮೆಷಿನ್ ಬೆಲ್ಟ್ ಸ್ವಲ್ಪ ಬಿಗಿ ಆಯ್ತು, ಇನ್ನೊಂದು ಅಳತೆ ಹುಡುಕಬೇಕು.

ಈಗ ಹೊಸ ಫ್ಲ್ಯಾಟ್‌ನ ಕಿಟಕಿ ಪಕ್ಕ ಇದೆ. ಒಂದು ಸ್ವಿಚ್ ಮೇಲೆ ಮಾಡಿದರೆ ಹಳೇ ಸ್ವರ, ಕೆಳಗೆ ಮಾಡಿದರೆ ಹೆಡ್‌ಫೋನ್‌ನಲ್ಲಿ ಪೈಪ್. ದೊಡ್ಡಮ್ಮ ಪೈಪ್ ಶಬ್ದ ಕೇಳಿ, ಕಣ್ಣು ಮುಚ್ಚಿ ಹತ್ತು ನಿಮಿಷ ನುಡಿಸಿದರು. ಚೆನ್ನಾಗಿದೆ ಅಂದರು. ಆಮೇಲೆ ಹೆಡ್‌ಫೋನ್ ತೆಗೆದಿಟ್ಟು, ಹಳೇ ಫ್ಲೂಟ್ ಟ್ಯಾಬ್ ಒಂದನ್ನೇ ಇಳಿಸಿ, ಹನ್ನೊಂದು ವರ್ಷದಿಂದ ಬೇರೆ ಶ್ರುತಿಯಲ್ಲಿ ನುಡಿಸ್ತಿದ್ದ ಕೀರ್ತನೆಯನ್ನ ಅದರ ಶ್ರುತಿಯಲ್ಲೇ ನುಡಿಸಿದರು. ಮುಗಿಸಿ ನನ್ನ ಕಡೆ ತಿರುಗಿ, "ಎಫ್ ಶಾರ್ಪ್ ಸ್ವಲ್ಪ ಕೆಳಗಿದೆಯಲ್ಲೇ, ಅವರಿಗೆ ಹೇಳು" ಅಂದರು.

ಸರ್, ಹೇಳ್ತಿದ್ದೀನಿ. ಏನು ಮಾಡಲಿ?

(ಫೋಟೋ ಹಾಕಿದ್ದೀನಿ, ಮಲ್ಲೇಶ್ವರಂ ಅವರೇ.)

ಮಲ್ಲೇಶ್ವರಂ_8ನೇಕ್ರಾಸ್ · 8:34

ಎಷ್ಟು ಚೆಂದದ ಮರ ಅದು.

ಕರಿಮೂರು · 8:40

ಕರಿ ಮೂರು ವಾಪಸ್ ಬಂತಲ್ರಿ! ಕಣ್ಣಾಗ ನೀರು ಬಂತು.

ಜಾಲಹಳ್ಳಿ_ಹಳಬ · 9:02

ದೊಡ್ಡಮ್ಮನವರ ಕಿವಿ ಸರಿಯಾಗೇ ಇದೆ. ಅವತ್ತು ಆರ್ಗನ್ ತಣ್ಣಗಿದ್ದಾಗ ಕೂರಿಸಿ ಬಂದೆ, ನನ್ನದೇ ಅವಸರ.

ಆನ್ ಮಾಡಿ ಅರ್ಧ ಗಂಟೆ ಬಿಡಿ. ಎಫ್ ಶಾರ್ಪ್ ಬೋರ್ಡ್‌ನಲ್ಲಿ ಕಾಯಿಲ್ ನಡುವೆ ಕಪ್ಪು ತಿರುಪು ಕಾಣುತ್ತೆ, ಫೆರೈಟ್‌ದು. ಕಬ್ಬಿಣದ ಸ್ಕ್ರೂಡ್ರೈವರ್ ಮುಟ್ಟಿಸಬೇಡಿ, ಅದು ಹತ್ತಿರ ಬಂದರೇ ಶ್ರುತಿ ಬದಲಾಗುತ್ತೆ, ತಿರುಪು ಒಡೆದೂ ಹೋಗುತ್ತೆ. ಪ್ಲಾಸ್ಟಿಕ್‌ನದ್ದು ತಗೊಳಿ. ಒಂದು ಸಲಕ್ಕೆ ಕಾಲು ಸುತ್ತು, ಆಚೆಗೆ. ತಿರುಗಿಸೋರು ತಮ್ಮ ಇರಲಿ, ಸಾಕು ಅನ್ನೋರು ದೊಡ್ಡಮ್ಮ ಇರಲಿ.